ಕಡಿಮೆ ದುಡ್ಡಿನ ಡಿಎಂಎಕ್ಸ್ ಸ್ಪ್ಲಿಟರ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ಜಾತ್ರೆಯ ರಸಮಂಜರಿ ವೇದಿಕೆಯಿಂದ ಹಿಡಿದು ನಗರದ ರಂಗಮಂದಿರದವರೆಗೆ ಇವತ್ತು ದೀಪಗಳನ್ನು ಆಡಿಸುವುದು ಡಿಎಂಎಕ್ಸ್ ಸಿಗ್ನಲ್. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯಾದ ಯುಎಸ್‌ಐಟಿಟಿ 1986ರಲ್ಲಿ ರೂಪಿಸಿದ ಈ ಪದ್ಧತಿ, ಒಂದೇ ಜೋಡಿ ತಂತಿಯಲ್ಲಿ 512 ಚಾನೆಲ್‌ಗಳ ಲೆಕ್ಕವನ್ನು ಸೆಕೆಂಡಿಗೆ ಸುಮಾರು 44 ಸಲ ಸಾಗಿಸುತ್ತದೆ. ಕನ್ಸೋಲಿನಿಂದ ಬಂದ ಆ ಒಂದು ತಂತಿಯನ್ನು ನಾಲ್ಕೋ ಎಂಟೋ ದಾರಿಗೆ ಹಂಚುವ ಪೆಟ್ಟಿಗೆಯೇ ಸ್ಪ್ಲಿಟರ್. ಹೆಸರುವಾಸಿ ಕಂಪನಿಯ ಸ್ಪ್ಲಿಟರಿನ ಬೆಲೆ ಕೇಳಿದರೆ ಸಣ್ಣ ತಂಡದವರು ಹಿಂದೆ ಸರಿಯುತ್ತಾರೆ. ಹೆಸರಿಲ್ಲದ ಅಗ್ಗದ ಪೆಟ್ಟಿಗೆಯತ್ತ ಕೈ ಹೋಗುತ್ತದೆ. ಹೋಗಲಿ, ತಪ್ಪೇನಿಲ್ಲ. ಈ ಪೆಟ್ಟಿಗೆಯಲ್ಲಿ ನಿಜವಾಗಿ ದುಡ್ಡು ಕೊಡಬೇಕಾದದ್ದು ಒಂದೇ ಗುಣಕ್ಕೆ: ಐಸೊಲೇಶನ್. ಒಂದು ಬದಿಯ ಕರೆಂಟಿನ ಕಾಟ ಇನ್ನೊಂದು ಬದಿಗೆ ದಾಟದಂತೆ ತಡೆಯುವ ಏರ್ಪಾಡು ಅದು. ಅದಿದ್ದರೆ ಉಳಿದ ಕೊರತೆಗಳನ್ನು ನೀವೇ ಸರಿಮಾಡಿಕೊಳ್ಳಬಹುದು.

1. ಮೊದಲು, ಸ್ಪ್ಲಿಟರ್ ಬೇಕೇ ಎಂದು ನೋಡಿ

ಹತ್ತು ಹನ್ನೆರಡು ಪಾರ್ ಲೈಟು, ಒಂದೇ ಸಾಲು, ಒಂದೇ ಟ್ರಸ್. ದೀಪ ಮಿಣುಕುತ್ತಿದೆ ಎಂದ ಕೂಡಲೇ ಸ್ಪ್ಲಿಟರ್ ಹುಡುಕಬೇಡಿ. ಗಂಡು ಎಕ್ಸ್‌ಎಲ್‌ಆರ್ ಪ್ಲಗ್ಗೊಂದರ 2 ಮತ್ತು 3ನೇ ಪಿನ್ನಿನ ನಡುವೆ 120 ಓಮ್ ರೆಸಿಸ್ಟರ್ ಬೆಸೆದು, ಕೊನೆಯ ಲೈಟಿನ ಔಟ್‌ಪುಟ್‌ಗೆ ಚುಚ್ಚಿ. ಇದೇ ಟರ್ಮಿನೇಟರ್. ಇದಿಲ್ಲದಿದ್ದರೆ ಸಿಗ್ನಲ್ ತಂತಿಯ ತುದಿಗೆ ಬಡಿದು ಹಿಂದಿರುಗುತ್ತದೆ, ಹಿಂದೆ ಬರುತ್ತಿರುವ ಸಿಗ್ನಲ್ಲಿನೊಂದಿಗೆ ಬೆರೆತು ಅದನ್ನು ಕೆಡಿಸುತ್ತದೆ. ಸ್ಪ್ಲಿಟರ್ ಬೇಕಾಗಿದೆ ಎಂದುಕೊಂಡ ಎಷ್ಟೋ ಕಡೆ ಕೊರತೆಯಿರುವುದು ಈ ಒಂದು ರೆಸಿಸ್ಟರಿನದು.

2. ಬೇಕೇ ಬೇಕಾದ ಸಂದರ್ಭಗಳು ಇವು

ತಂತಿ ಎರಡು ಮೂರು ದಿಕ್ಕಿಗೆ ಹೋಗಬೇಕಾದಾಗ. ಒಂದು ಸಾಲಿನಲ್ಲಿ ಲೈಟು ಹೆಚ್ಚಾದಾಗ: ಡಿಎಂಎಕ್ಸ್ ಕೆಲಸ ಮಾಡುವುದು ಆರ್‌ಎಸ್-485 ಎಂಬ ವಿದ್ಯುತ್ ಮಾನದಂಡದ ಮೇಲೆ, ಅದರ ಪ್ರಕಾರ ಸಿಗ್ನಲ್ ಕಳಿಸುವ ಒಂದು ಡ್ರೈವರ್ ಐಸಿ ಎಳೆಯಬಲ್ಲದ್ದು 32 ಯೂನಿಟ್ ಲೋಡ್, ಅಂದರೆ ಸುಮಾರು 32 ಲೈಟು. ಅಗ್ಗದ ಲೈಟುಗಳಾದರೆ ಇಪ್ಪತ್ತಕ್ಕೇ ಸಾಲು ಕಡಿಯುವುದು ಜಾಣತನ. ಮೂರನೆಯ ಸಂದರ್ಭವೇ ಮುಖ್ಯ: ಲೈಟುಗಳು ಬೇರೆಬೇರೆ ಕರೆಂಟಿನ ಮೂಲದಲ್ಲಿದ್ದಾಗ.

3. ವೈ ಕೇಬಲ್ ಮುಟ್ಟಬೇಡಿ

ಸೌಂಡಿನವರ ಪೆಟ್ಟಿಗೆಯಲ್ಲಿ ಸುಲಭವಾಗಿ ಸಿಗುತ್ತದೆ, ಒಂದೆರಡು ದಿನ ಕೆಲಸವನ್ನೂ ಮಾಡುತ್ತದೆ. ಕವಲೊಡೆಯುವ ಜಾಗದಲ್ಲೇ ಸಿಗ್ನಲ್ ಹಿಂದಕ್ಕೆ ಪುಟಿಯುತ್ತದೆ, ಎರಡೂ ತುದಿಗೆ ಟರ್ಮಿನೇಟರ್ ಹಾಕಿದರೆ ಡ್ರೈವರಿಗೆ ಹೊರೆ ಇಮ್ಮಡಿಯಾಗುತ್ತದೆ. ಪ್ರದರ್ಶನದ ದಿನ ಕೈಕೊಡುವುದು ಇಂಥದ್ದೇ.

4. ಸ್ಪ್ಲಿಟರ್ ಚಾನೆಲ್ ಹೆಚ್ಚಿಸುವುದಿಲ್ಲ

ಎಂಟು ಔಟ್‌ಪುಟ್ ಇದ್ದರೂ ಎಂಟರಲ್ಲೂ ಹರಿಯುವುದು ಅದೇ 512 ಚಾನೆಲ್. "ಎಂಟು ದಾರಿ ಇದೆ, ಎಂಟು ಪಟ್ಟು ಲೈಟು ಹಾಕಬಹುದು" ಎನ್ನುವ ಅಂಗಡಿಯವರು ಸಿಗುತ್ತಾರೆ. ಹೌದು ಎಂದು ತಲೆಯಾಡಿಸಿ, ಬೆಲೆ ಚೌಕಾಸಿಗೆ ಇಳಿಯಿರಿ.

5. 'ಆಪ್ಟೋ' ಎಂಬ ಪದವನ್ನು ನಂಬಬೇಡಿ

ಪೆಟ್ಟಿಗೆಯ ಮೇಲೆ 'ಆಪ್ಟೋ ಐಸೊಲೇಟೆಡ್' ಎಂದು ಅಚ್ಚಾಗಿರುತ್ತದೆ. ಯಾವುದರಿಂದ ಯಾವುದು ಐಸೊಲೇಟೆಡ್ ಎಂದು ಅಲ್ಲಿ ಇರುವುದಿಲ್ಲ. ಮಾರುಕಟ್ಟೆಯಲ್ಲಿ ಮೂರು ದರ್ಜೆಯ ಮಾಲಿದೆ.

ಕೆಳಗಿನ ದರ್ಜೆಯದರಲ್ಲಿ ಒಂದು ರಿಸೀವರ್ ಐಸಿ, ನಾಲ್ಕೋ ಎಂಟೋ ಡ್ರೈವರ್ ಐಸಿ, ಎಲ್ಲಕ್ಕೂ ಒಂದೇ ಗ್ರೌಂಡ್. ಸಿಗ್ನಲ್ಲಿಗೆ ಬಲ ಬರುತ್ತದೆ ಅಷ್ಟೆ, ರಕ್ಷಣೆ ಸೊನ್ನೆ. ನಡುವಣ ದರ್ಜೆಯದರಲ್ಲಿ ಇನ್‌ಪುಟ್ ಒಂದನ್ನು ತಂತಿಯ ಬದಲು ಬೆಳಕಿನಿಂದ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್ ಮೂಲಕ ಬೇರ್ಪಡಿಸಿರುತ್ತಾರೆ, ಔಟ್‌ಪುಟ್‌ಗಳೆಲ್ಲ ತಮ್ಮತಮ್ಮಲ್ಲಿ ಒಂದೇ ಗ್ರೌಂಡಿನಲ್ಲಿರುತ್ತವೆ. ಲೈಟಿನ ಕಡೆಯಿಂದ ಬಂದ ಕೇಡು ಕನ್ಸೋಲಿಗೆ ತಲುಪುವುದಿಲ್ಲ, ಆದರೆ ಒಂದು ಸಾಲಿನದು ಇನ್ನೊಂದು ಸಾಲಿಗೆ ತಲುಪುತ್ತದೆ. ಮೇಲಿನ ದರ್ಜೆಯದರಲ್ಲಿ ಪ್ರತಿ ಔಟ್‌ಪುಟ್‌ಗೂ ಅದರದೇ ಆಪ್ಟೋಕಪ್ಲರ್, ಅದರದೇ ಪ್ರತ್ಯೇಕ 5 ವೋಲ್ಟ್ ಪೂರೈಕೆ.

ನಾಲ್ಕನೆಯದೂ ಒಂದಿದೆ, ಅದಕ್ಕೆ ದರ್ಜೆ ಕೊಡಲು ಮನಸ್ಸಿಲ್ಲ. ಆಪ್ಟೋಕಪ್ಲರ್ ಇರುತ್ತದೆ, ಆದರೆ ಅದರ ಎರಡೂ ಬದಿಯ ಗ್ರೌಂಡನ್ನು ಬೋರ್ಡಿನ ಮೇಲೆ ಒಂದುಗೂಡಿಸಿರುತ್ತಾರೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಮನೆ ಅದು.

6. ನಿಮಗೆ ಯಾವ ದರ್ಜೆ ಸಾಕು ಎಂದು ನಿರ್ಧರಿಸುವುದು ನಿಮ್ಮ ವೇದಿಕೆ

ಒಂದೇ ಸಭಾಂಗಣ, ಒಂದೇ ಡಿಸ್ಟ್ರಿಬ್ಯೂಶನ್ ಬೋರ್ಡು, ಸರಿಯಾದ ಅರ್ಥಿಂಗ್: ಇಲ್ಲಿ ನಡುವಣ ದರ್ಜೆಯ ಪೆಟ್ಟಿಗೆ ವರ್ಷಗಟ್ಟಲೆ ಬಾಳುತ್ತದೆ. ಬಯಲಿಗೆ ಬನ್ನಿ. ಮುಂಭಾಗದ ಲೈಟಿಗೆ ಕಂಬದ ಕರೆಂಟು, ಹಿಂದಿನ ಮೂವಿಂಗ್ ಹೆಡ್‌ಗಳಿಗೆ ಜನರೇಟರ್, ಕನ್ಸೋಲಿಗೆ ಸೌಂಡಿನವರ ಸ್ಟೆಬಿಲೈಸರ್‌ನಿಂದ ಎಳೆದ ಲೈನು. ಮೂರೂ ಕಡೆಯ ಗ್ರೌಂಡಿನ ಮಟ್ಟ ಒಂದೇ ಇರುವುದಿಲ್ಲ. ಆರ್‌ಎಸ್-485 ಸಹಿಸುವ ಗ್ರೌಂಡಿನ ವ್ಯತ್ಯಾಸವೆಲ್ಲ ಸೇರಿ ಮೈನಸ್ 7 ವೋಲ್ಟ್‌ನಿಂದ ಪ್ಲಸ್ 12 ವೋಲ್ಟ್‌ವರೆಗೆ ಮಾತ್ರ. ನ್ಯೂಟ್ರಲ್ ಸಡಿಲವಾದ ಜನರೇಟರ್ ಆ ಗಡಿಯನ್ನು ಕ್ಷಣದಲ್ಲಿ ದಾಟಿಸುತ್ತದೆ, ಸಾಲಿನಲ್ಲಿದ್ದ ಲೈಟುಗಳ ಐಸಿಗಳು ಒಟ್ಟಿಗೇ ಹೋಗುತ್ತವೆ. ನೀನಾಸಂ ತಿರುಗಾಟದ ಹಾಗೆ ಊರೂರು ಸುತ್ತುವ ತಂಡಕ್ಕೆ ಪ್ರತಿ ಊರಿನ ಅರ್ಥಿಂಗೂ ಹೊಸದು. ಬಯಲಿನವರಿಗೆ, ಬಾಡಿಗೆಯವರಿಗೆ, ಸಂಚಾರದವರಿಗೆ ಮೇಲಿನ ದರ್ಜೆಯದೇ ಬೇಕು. ಇಲ್ಲಿ ಉಳಿತಾಯ ಬೇಡ.

7. ಅಂಗಡಿಗೆ ಮಲ್ಟಿಮೀಟರ್ ಒಯ್ಯಿರಿ

ಮುಚ್ಚಳ ತೆಗೆಯದೆ, ಸೀಲ್ ಒಡೆಯದೆ, ಐದು ನಿಮಿಷದಲ್ಲಿ ಪೆಟ್ಟಿಗೆಯ ಜಾತಕ ತಿಳಿಯುತ್ತದೆ. ಪ್ಲಗ್ ಕಿತ್ತಿಟ್ಟು ಮೀಟರನ್ನು ಬೀಪ್ ಮಾಡುವ ಸ್ಥಾನಕ್ಕೆ ತಿರುಗಿಸಿ.

ಇನ್‌ಪುಟ್‌ನ 1ನೇ ಪಿನ್ನಿಗೆ ಒಂದು ಕಡ್ಡಿ, ಯಾವುದಾದರೂ ಔಟ್‌ಪುಟ್‌ನ 1ನೇ ಪಿನ್ನಿಗೆ ಇನ್ನೊಂದು. ಬೀಪ್ ಎಂದರೆ ಐಸೊಲೇಶನ್ ಇಲ್ಲವೇ ಇಲ್ಲ; ಪೆಟ್ಟಿಗೆ ಕೆಳಗಿಡಿ. ಮೌನವಾದರೆ ಮುಂದಕ್ಕೆ: ಒಂದನೇ ಔಟ್‌ಪುಟ್‌ನ 1ನೇ ಪಿನ್ನಿನಿಂದ ಎರಡನೆಯದರ 1ನೇ ಪಿನ್ನಿಗೆ. ಬೀಪ್ ಎಂದರೆ ನಡುವಣ ದರ್ಜೆ, ಮೌನವಾದರೆ ಮೇಲಿನದು. ಎರಡನ್ನು ನೋಡಿ ಬಿಡಬೇಡಿ, ಎಂಟನ್ನೂ ನೋಡಿ. ಜೋಡಿಜೋಡಿಯಾಗಿ ಗ್ರೌಂಡ್ ಹಂಚಿಕೊಂಡ ಪೆಟ್ಟಿಗೆಗಳೂ ಇರುತ್ತವೆ.

ಆಮೇಲೆ ಪ್ರತಿ 1ನೇ ಪಿನ್ನಿನಿಂದ ಲೋಹದ ಕವಚಕ್ಕೆ. ಐಸೊಲೇಶನ್ ಇದೆ ಎನ್ನುವ ಪೋರ್ಟಿನಲ್ಲಿ ಇಲ್ಲಿ ಬೀಪ್ ಬರಕೂಡದು. ಕೊನೆಗೆ ಪವರ್ ಸಾಕೆಟ್ಟಿನ ಅರ್ಥ್ ಪಿನ್ನಿನಿಂದ ಕವಚಕ್ಕೆ. ಇಲ್ಲಿ ಮಾತ್ರ ಬೀಪ್ ಬರಲೇಬೇಕು. ಬಣ್ಣದ ಪದರ ಅಡ್ಡಬಂದೀತು, ಸ್ಕ್ರೂ ತಲೆಗೆ ಒತ್ತಿ ನೋಡಿ.

8. ಟರ್ಮಿನೇಶನ್ ಒಳಗೇ ಇದೆಯೇ?

ಅದೇ ಮೀಟರನ್ನು ಓಮ್‌ಗೆ ತಿರುಗಿಸಿ ಇನ್‌ಪುಟ್‌ನ 2 ಮತ್ತು 3ರ ನಡುವೆ ಅಳೆಯಿರಿ. 120ರ ಆಸುಪಾಸು ಬಂದರೆ ಒಳಗೇ ರೆಸಿಸ್ಟರ್ ಬೆಸೆದಿದ್ದಾರೆ. ಬಂದ ಸಿಗ್ನಲನ್ನು ಹಾಗೆಯೇ ಮುಂದಕ್ಕೆ ಬಿಡುವ 'ಥ್ರೂ' ಪೋರ್ಟ್ ಇಲ್ಲದ ಪೆಟ್ಟಿಗೆಗೆ ಅದು ಸರಿ. ಥ್ರೂ ಇದ್ದೂ ರೆಸಿಸ್ಟರ್ ಕಾಯಂ ಆಗಿದ್ದರೆ, ಸಾಲು ಮುಂದುವರಿಸಿದಾಗ ನಡುವೆಯೇ ಟರ್ಮಿನೇಟರ್ ಕೂತಂತಾಗುತ್ತದೆ. ಆ ರೆಸಿಸ್ಟರಿನ ಒಂದು ಕಾಲು ಬಿಡಿಸಿ, ಅದರೊಂದಿಗೆ ಸರಣಿಯಲ್ಲಿ ಪುಟ್ಟ ಸ್ವಿಚ್ಚೊಂದನ್ನು ಬೆಸೆದರೆ ಮುಗಿಯಿತು.

9. ಮುಚ್ಚಳ ತೆಗೆಯಲು ಬಿಟ್ಟರೆ ಇದನ್ನು ನೋಡಿ

ಎಕ್ಸ್‌ಎಲ್‌ಆರ್ ಸಾಕೆಟ್ಟುಗಳ ಹತ್ತಿರದ ಎಂಟು ಕಾಲಿನ ಐಸಿಗಳ ಮೇಲೆ 6ಎನ್137 ಎಂದಿದ್ದರೆ ಮುಖ ಅರಳಲಿ. ಅದು ಸೆಕೆಂಡಿಗೆ 10 ಮೆಗಾಬಿಟ್ ವೇಗದ ಆಪ್ಟೋಕಪ್ಲರ್. ಡಿಎಂಎಕ್ಸ್ ಓಡುವುದು 250 ಕಿಲೋಬಿಟ್‌ನಲ್ಲಿ, ಒಂದು ಬಿಟ್ಟಿಗೆ 4 ಮೈಕ್ರೊಸೆಕೆಂಡ್. ನಾಲ್ಕು ಕಾಲಿನ ಪಿಸಿ817 ಆ ಜಾಗದಲ್ಲಿದ್ದರೆ ಬೇಡ: ಅದು ಏಳಲು ಬೀಳಲು ತೆಗೆದುಕೊಳ್ಳುವ ಸಮಯವೇ ಹತ್ತಿರ ಹತ್ತಿರ ಅಷ್ಟಾಗುತ್ತದೆ, ಬಿಟ್ಟಿನ ಅಂಚು ಸವೆಯುತ್ತದೆ. ಒಂದೆರಡು ಲೈಟು ಹಾಕಿದಾಗ ಗೊತ್ತಾಗುವುದಿಲ್ಲ, ಉದ್ದ ಸಾಲಿನಲ್ಲಿ ಗೊತ್ತಾಗುತ್ತದೆ. 6ಎನ್138 ಹೆಸರಿನಲ್ಲಿ ಮಾತ್ರ ಹತ್ತಿರ. ಸಂಗೀತದ ಕೀಬೋರ್ಡುಗಳ ಮಿಡಿಗೆ ಒಗ್ಗುವ ನಿಧಾನದ ಭಾಗ ಅದು.

ಒಂದು ಎಚ್ಚರಿಕೆ: ಪಿಸಿ817 ಪವರ್ ಸಪ್ಲೈ ಬಳಿ ಕಂಡರೆ ಗಾಬರಿ ಬೇಡ. ಅಲ್ಲಿ ವೋಲ್ಟೇಜ್ ಕಾಯುವ ಕೆಲಸಕ್ಕೆ ಅದನ್ನೇ ಹಾಕುತ್ತಾರೆ.

ಆಪ್ಟೋಕಪ್ಲರಿನ ಹೊಟ್ಟೆಯ ಕೆಳಗೆ ಬೋರ್ಡು ಬೋಳಾಗಿರಬೇಕು. ಎರಡು ಸಾಲು ಕಾಲುಗಳ ನಡುವೆ ತಾಮ್ರದ ಗೆರೆ ಹಾದುಹೋಗಿದ್ದರೆ ಐಸಿ ತಡೆಯಬಲ್ಲ ಸಾವಿರಾರು ವೋಲ್ಟು ಕಾಗದದ ಮೇಲೆ ಮಾತ್ರ. ಡ್ರೈವರ್ ಐಸಿಗಳು ಬೋರ್ಡಿಗೆ ಬೆಸೆದುಕೊಂಡಿವೆಯೋ ಸಾಕೆಟ್ಟಿನಲ್ಲಿ ಕೂತಿವೆಯೋ ಅದನ್ನೂ ನೋಡಿಕೊಳ್ಳಿ. ಸಾಕೆಟ್ಟಿದ್ದರೆ ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟರೂ ಲಾಭವೇ.

10. ಮೂರು ಪಿನ್ನೋ ಐದು ಪಿನ್ನೋ?

ಮಾನದಂಡ ಹೇಳುವುದು ಐದು ಪಿನ್ನಿನ ಎಕ್ಸ್‌ಎಲ್‌ಆರ್. ಅಗ್ಗದ ಪೆಟ್ಟಿಗೆಯಲ್ಲಿ, ಅಗ್ಗದ ಲೈಟಿನಲ್ಲಿ ಇರುವುದು ಮೂರು. ನಿಮ್ಮ ಲೈಟುಗಳಲ್ಲಿ ಯಾವುದಿದೆಯೋ ಅದನ್ನೇ ಕೊಳ್ಳಿ. ಅಡಾಪ್ಟರಿನ ಗುಡ್ಡೆ ಹಾಕಿಕೊಳ್ಳಬೇಡಿ. ಮೂರು ಪಿನ್ನಿನ ಅಪಾಯ ಬೇರೆಯೇ ಇದೆ. ಮೈಕಿನ ಕೇಬಲ್ಲಿಗೂ ಅದೇ ಪ್ಲಗ್, ಕತ್ತಲಲ್ಲಿ ಯಾರೋ 48 ವೋಲ್ಟ್ ಫ್ಯಾಂಟಮ್ ಪವರ್ ಇರುವ ಮಿಕ್ಸರಿನ ತಂತಿಯನ್ನು ಸ್ಪ್ಲಿಟರಿಗೆ ಚುಚ್ಚಿದರೆ ಐಸಿ ಉಳಿಯುವುದು ಅನುಮಾನ. ಡಿಎಂಎಕ್ಸ್ ಕೇಬಲ್ಲುಗಳ ಎರಡೂ ತುದಿಗೆ ಎದ್ದು ಕಾಣುವ ಒಂದೇ ಬಣ್ಣದ ಟೇಪು ಸುತ್ತಿ.

11. ಆರ್‌ಡಿಎಂ ಬೇಕೆಂದರೆ ಅಗ್ಗದ್ದು ಮರೆತುಬಿಡಿ

ಕನ್ಸೋಲಿನಿಂದಲೇ ಲೈಟಿನ ವಿಳಾಸ ಬದಲಿಸುವ ಆರ್‌ಡಿಎಂ ಸೌಲಭ್ಯಕ್ಕೆ ಉತ್ತರ ಹಿಂದಿರುಗಿ ಬರಬೇಕು. ಸಾಮಾನ್ಯ ಸ್ಪ್ಲಿಟರ್ ಒಮ್ಮುಖ ರಸ್ತೆ. ಅದಕ್ಕಿಂತ ಹೆಚ್ಚಾಗಿ, ಕನ್ಸೋಲಿನಲ್ಲಿ ಆರ್‌ಡಿಎಂ ಆನ್ ಆಗಿಯೇ ಉಳಿದಿದ್ದರೆ ಅದರ ಪ್ರಶ್ನೆಗಳನ್ನು ಬೆಳಕಿನ ಆಜ್ಞೆ ಎಂದು ತಿಳಿದು ಕೆಲವು ಅಗ್ಗದ ಲೈಟುಗಳು ಕಣ್ಣು ಹೊಡೆಯುತ್ತವೆ. ಬಳಸದಿದ್ದರೆ ಆಫ್ ಮಾಡಿಡಿ.

12. ಮನೆಗೆ ತಂದ ದಿನವೇ ಬೆವರಿಳಿಸಿ

ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಎಲ್ಲ ಪರೀಕ್ಷೆ ಮುಗಿಯಬೇಕು. ನಿಮ್ಮಲ್ಲಿರುವ ಅತಿ ಉದ್ದದ ಕೇಬಲ್ಲುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ, ತುದಿಗೆ ಅತಿ ಅಗ್ಗದ ಎಲ್‌ಇಡಿ ಪಾರ್, ಅದರ ಬೆನ್ನಿಗೆ ಟರ್ಮಿನೇಟರ್. ಕನ್ಸೋಲಿನಲ್ಲಿ ನಿಧಾನದ ಫೇಡ್ ಒಂದನ್ನು ಸುತ್ತಲು ಬಿಡಿ. ವೇಗದ ಚೇಸ್‌ನಲ್ಲಿ ದೋಷ ಮುಚ್ಚಿಹೋಗುತ್ತದೆ, ನಿಧಾನದ ಫೇಡ್‌ನಲ್ಲಿ ಚಿಕ್ಕ ನೆಗೆತವೂ ಕಣ್ಣಿಗೆ ಹೊಡೆಯುತ್ತದೆ. ಇದನ್ನೇ ಪ್ರತಿ ಔಟ್‌ಪುಟ್‌ನಲ್ಲೂ ಮಾಡಿ, ಪ್ಲಗ್ಗನ್ನು ಅಲುಗಾಡಿಸಿ ನೋಡಿ.

ಇನ್ನು ಸ್ವಲ್ಪ ಧೈರ್ಯದ ಪರೀಕ್ಷೆ. ಒಂದು ಔಟ್‌ಪುಟ್‌ನ 2 ಮತ್ತು 3ನೇ ಪಿನ್ನನ್ನು ಒಂದೆರಡು ಸೆಕೆಂಡು ಶಾರ್ಟ್ ಮಾಡಿ. ಆರ್‌ಎಸ್-485 ಡ್ರೈವರುಗಳಿಗೆ ಶಾರ್ಟ್ ತಡೆಯುವ ಶಕ್ತಿ ಇರಬೇಕು, ಮಾನದಂಡವೇ 250 ಮಿಲಿಆಂಪಿಯರ್ ಮಿತಿ ಹಾಕಿದೆ. ಉಳಿದ ಸಾಲುಗಳ ಲೈಟು ಕದಲದಿದ್ದರೆ ಪೆಟ್ಟಿಗೆ ಗಟ್ಟಿ. ಎಲ್ಲವೂ ಒಟ್ಟಿಗೆ ಮಂಕಾದರೆ ಪವರ್ ಸಪ್ಲೈ ಬಡಕಲು ಎಂದರ್ಥ. ಅಂಥ ಪೆಟ್ಟಿಗೆಯಾದರೆ ವೇದಿಕೆಯ ಮೇಲೆ ಯಾರೋ ತುಳಿದು ಜಜ್ಜಿದ ಒಂದು ಕೇಬಲ್ ಇಡೀ ಶೋ ಕತ್ತಲು ಮಾಡುತ್ತದೆ.

13. ಸುಧಾರಣೆ ಶುರುವಾಗುವುದು ಅರ್ಥಿಂಗ್‌ನಿಂದ

ಪ್ಲಗ್ ಕಿತ್ತ ಮೇಲೂ ಕಾಯಿರಿ. 230 ವೋಲ್ಟಿನ ಎಸ್‌ಎಂಪಿಎಸ್ ಪವರ್ ಸಪ್ಲೈ ಒಳಗಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. ಮೀಟರಿನಲ್ಲಿ ಅದು ಇಳಿದದ್ದು ಖಚಿತವಾದ ಮೇಲಷ್ಟೇ ಬೆರಳು ಒಳಗೆ ಹೋಗಲಿ. ಬೆಸುಗೆಯ ಅನುಭವವಿದ್ದೂ ಮೈನ್ಸ್ ಬದಿಯ ಅನುಭವ ಇಲ್ಲದವರು ಈ ಒಂದು ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಅರ್ಥ್ ತಂತಿ ಕವಚಕ್ಕೆ ಬೆಸೆದಿಲ್ಲದಿದ್ದರೆ ಬಣ್ಣ ಕೆರೆದು, ರಿಂಗ್ ಲಗ್ ಹಾಕಿ, ಹಲ್ಲಿನ ವಾಷರ್ ಇಟ್ಟು ಬೋಲ್ಟ್ ಬಿಗಿಯಿರಿ. ಲೈವ್ ತಂತಿಯಲ್ಲಿ ಫ್ಯೂಸ್ ಇಲ್ಲದಿದ್ದರೆ 1 ಆಂಪಿಯರಿನದೊಂದನ್ನು ಸೇರಿಸಿ. ಪವರ್ ಕಾರ್ಡು ತೂತಿನಿಂದ ನೇರ ಒಳಗೆ ಹೋಗಿದ್ದರೆ ಕತ್ತರಿಸಿ, ಮೂರು ಪಿನ್ನಿನ ಕಂಪ್ಯೂಟರ್ ಮಾದರಿಯ ಸಾಕೆಟ್ ಕೂರಿಸಿ. ಸೌಂಡಿನಲ್ಲಿ ಗುಂಯ್ ಎನ್ನುತ್ತದೆ ಎಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಪದ್ಧತಿ ನಮ್ಮ ವೇದಿಕೆಗಳಲ್ಲಿ ಇನ್ನೂ ಇದೆ. ಟ್ರಸ್ ಮುಟ್ಟಿದವರಿಗೆ ಶಾಕ್ ಹೊಡೆಯುವುದು ಹೀಗೆಯೇ.

14. ಪವರ್ ಸಪ್ಲೈಗೆ ಉಸಿರು ಕೊಡಿ

ಟರ್ಮಿನೇಟರ್ ಹಾಕಿದ ಒಂದು ಸಾಲು ಡ್ರೈವರಿನಿಂದ ಸುಮಾರು 20ರಿಂದ 30 ಮಿಲಿಆಂಪಿಯರ್ ಎಳೆಯುತ್ತದೆ. ಎಂಟು ಸಾಲಿಗೆ ಲೆಕ್ಕ ಹಾಕಿ, ಐಸಿ, ಆಪ್ಟೋಕಪ್ಲರ್, ಸೂಚಕ ದೀಪಗಳ ಖರ್ಚು ಸೇರಿಸಿ. 5 ವೋಲ್ಟಿನ 1 ಆಂಪಿಯರ್ ಮಾಡ್ಯೂಲ್ ಇದ್ದರೆ ನಿಶ್ಚಿಂತೆ. 300 ಮಿಲಿಆಂಪಿಯರಿನದು ಇದ್ದರೆ ಬದಲಿಸಿ. ನಡುವಣ ದರ್ಜೆಯ ಪೆಟ್ಟಿಗೆಯಲ್ಲಿ ಇನ್‌ಪುಟ್ ಬದಿಗೆ ಬೇರೆ ಪುಟ್ಟ ಸಪ್ಲೈ ಇರುತ್ತದೆ. ಎರಡನ್ನೂ ಒಂದೇ ಹೊಸ ಮಾಡ್ಯೂಲಿಗೆ ಜೋಡಿಸಿದಿರೋ, ಕೊಟ್ಟ ದುಡ್ಡಿನ ಐಸೊಲೇಶನ್ ನಿಮ್ಮ ಕೈಯಿಂದಲೇ ಹೋಯಿತು. ಬದಲಿಸಿದ ಮೇಲೆ 7ನೇ ಸೂತ್ರದ ಬೀಪ್ ಪರೀಕ್ಷೆಯನ್ನು ಮೊದಲಿನಿಂದ ಮಾಡಿ.

15. ಡ್ರೈವರ್ ಐಸಿ ಬದಲಿಸುವುದೇ ಅತಿ ಅಗ್ಗದ, ಅತಿ ಫಲದ ಸುಧಾರಣೆ

ಒಳಗಿರುವುದು ಸಾಮಾನ್ಯವಾಗಿ ಎಸ್‌ಎನ್75176 ಅಥವಾ ಮ್ಯಾಕ್ಸ್ 485. ಇವುಗಳ ಜಾಗಕ್ಕೆ ಕಾಲಿಗೆ ಕಾಲು ಕೂರುವ ಎಸ್‌ಎನ್75ಎಲ್‌ಬಿಸಿ184 ಸಿಗುತ್ತದೆ. ಸಿಡಿಲು, ಸ್ವಿಚ್ಚಿಂಗ್‌ನಿಂದ ತಂತಿಯಲ್ಲಿ ಹುಟ್ಟುವ ಕ್ಷಣಿಕ ಹೊಡೆತ ತಡೆಯುವ ಏರ್ಪಾಡು ಅದರೊಳಗೇ ಇದೆ. ವೇಗ 250 ಕಿಲೋಬಿಟ್‌ಗೆ ಸೀಮಿತ, ಸಿಗ್ನಲ್ಲಿನ ಅಂಚು ಮೃದು. ಡಿಎಂಎಕ್ಸ್‌ಗೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಬೆಸೆದ ಐಸಿ ಇದ್ದರೆ ಕಿತ್ತು, ಎಂಟು ಕಾಲಿನ ಸಾಕೆಟ್ ಬೆಸೆದು, ಮೇಲೆ ಐಸಿ ಕೂರಿಸಿ. ತುದಿಯ ಕಚ್ಚು ಯಾವ ಕಡೆಗಿತ್ತು ಎಂದು ಕೀಳುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ಐಸಿ ಬದಲಿಸುವುದು ಬೇಡವೆಂದರೆ ಪ್ರತಿ ಔಟ್‌ಪುಟ್‌ಗೆ ಎಸ್‌ಎಂ712 ಎಂಬ ರಕ್ಷಕ ಡಯೋಡ್ ಒಂದನ್ನು 1, 2, 3ನೇ ಪಿನ್ನುಗಳಿಗೆ ಸೇರಿಸಬಹುದು. ಅದನ್ನು ಮಾಡಿರುವುದೇ ಆರ್‌ಎಸ್-485ರ ಮೈನಸ್ 7, ಪ್ಲಸ್ 12ರ ಅಳತೆಗೆ. ಗಾತ್ರ ಮಾತ್ರ ಸಾಸಿವೆ, ಕೈ ನಡುಗಬಾರದು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕಿದರೆ ಇವೆಲ್ಲ ಸಿಗುತ್ತವೆ. ನಂಬಲಾಗದಷ್ಟು ಅಗ್ಗದ ಐಸಿ ಕೊಟ್ಟರೆ ನಂಬಬೇಡಿ, ನಕಲಿ ಮ್ಯಾಕ್ಸ್ 485 ಹೇರಳವಾಗಿದೆ.

16. ಇಲ್ಲದ ಐಸೊಲೇಶನ್ ಕಟ್ಟಲು ಹೋಗಬೇಡಿ

ಪ್ರತಿ ಸಾಲಿಗೆ ಬಿ0505ಎಸ್‌ನಂಥ 5 ವೋಲ್ಟಿನಿಂದ 5 ವೋಲ್ಟಿಗೆ ಬೇರ್ಪಡಿಸುವ ಪುಟ್ಟ ಮಾಡ್ಯೂಲ್, ಒಂದೊಂದು 6ಎನ್137 ಹಾಕಿದರೆ ಆಯಿತಲ್ಲ ಎನಿಸುತ್ತದೆ. ತತ್ವ ಸರಿ. ಆದರೆ ಕೆಳದರ್ಜೆಯ ಬೋರ್ಡಿನಲ್ಲಿ ಗ್ರೌಂಡಿನ ತಾಮ್ರ ಹಾಳೆಯಂತೆ ಎಲ್ಲೆಡೆ ಹರಡಿರುತ್ತದೆ, ಕತ್ತರಿಸಿ ಮುಗಿಯುವುದಿಲ್ಲ. ಅಷ್ಟು ಉತ್ಸಾಹವಿದ್ದರೆ ಹೊಸ ಬೋರ್ಡನ್ನೇ ಕಟ್ಟಿ. ಇಲ್ಲವಾದರೆ ಆ ಪೆಟ್ಟಿಗೆಯನ್ನು ಒಳಾಂಗಣದ ತಾಲೀಮಿಗೆ ಮೀಸಲಿಡಿ.

17. ಕೇಬಲ್ ಕೆಟ್ಟದ್ದಾದರೆ ಸ್ಪ್ಲಿಟರ್ ಏನು ಮಾಡೀತು

ಮೈಕಿನ ಕೇಬಲ್ ಹತ್ತಿಪ್ಪತ್ತು ಮೀಟರಿಗೆ ನಡೆದೀತು, ಉದ್ದ ಓಟಕ್ಕೆ ಒಗ್ಗದು. 120 ಓಮ್‌ನ ಡಿಎಂಎಕ್ಸ್ ಕೇಬಲ್ ಕೊಳ್ಳಿ. ಸಭಾಂಗಣದ ಗೋಡೆಯೊಳಗೆ ಕಾಯಂ ಎಳೆಯುವುದಾದರೆ ಕ್ಯಾಟ್5ಇ ನೆಟ್‌ವರ್ಕ್ ಕೇಬಲ್ ಅಗ್ಗವೂ ಹೌದು, ಚೆನ್ನಾಗಿಯೂ ನಡೆಯುತ್ತದೆ. ಹೊಸ ಪ್ಲಗ್ ಹಾಕುವಾಗ ಕೇಬಲ್ಲಿನ ಶೀಲ್ಡನ್ನು ಪ್ಲಗ್ಗಿನ ಲೋಹದ ಮೈಗೆ ತಾಗಿಸಬೇಡಿ. ತಾಗಿದರೆ ಟ್ರಸ್ಸಿಗೆ ಉಜ್ಜಿದಾಗೆಲ್ಲ ಗ್ರೌಂಡ್ ಟ್ರಸ್ ಮೂಲಕ ಸುತ್ತುಹೊಡೆಯುತ್ತದೆ, ಪೆಟ್ಟಿಗೆಯ ಐಸೊಲೇಶನ್ ವ್ಯರ್ಥವಾಗುತ್ತದೆ.

18. ಹಾಕುವ ಜಾಗ, ಆರಿಸುವ ಕ್ರಮ

ಸ್ಪ್ಲಿಟರ್ ಇರಬೇಕಾದದ್ದು ಲೈಟುಗಳ ಹತ್ತಿರ. ಕನ್ಸೋಲಿನಿಂದ ಒಂದೇ ಉದ್ದದ ತಂತಿ ಬರಲಿ. ಡಿಮ್ಮರ್ ರ‍್ಯಾಕಿನ ಮೇಲೆ ಇಡಬೇಡಿ, ಬಿಸಿಯೂ ಗದ್ದಲವೂ ಅಲ್ಲೇ ಹೆಚ್ಚು. ಒಂದರ ಹಿಂದೆ ಒಂದು ಎರಡು ಸ್ಪ್ಲಿಟರ್ ಸರಿ, ಅದಕ್ಕಿಂತ ಹೆಚ್ಚು ಬೇಡ: ಅಗ್ಗದ ಪ್ರತಿ ಪೆಟ್ಟಿಗೆಯೂ ಬಿಟ್ಟಿನ ಅಂಚನ್ನು ಚೂರು ಆಚೀಚೆ ಸರಿಸುತ್ತದೆ. ಶೋ ಮುಗಿದಾಗ ಮೊದಲು ಲೈಟು ಆರಲಿ, ಆಮೇಲೆ ಕನ್ಸೋಲು. ಕನ್ಸೋಲು ಮೊದಲು ಆರಿದರೆ ದಿಕ್ಕಿಲ್ಲದ ತಂತಿ ಸುತ್ತಲಿನ ಗದ್ದಲವನ್ನೇ ಸಿಗ್ನಲ್ ಎಂದು ಹೊತ್ತು ತರುತ್ತದೆ. ಮೂವಿಂಗ್ ಹೆಡ್‌ಗಳು ಮೈಮೇಲೆ ಬಂದಂತೆ ಆಡುತ್ತವೆ.

19. ಪೆಟ್ಟಿಗೆಯ ಮೇಲೆ ಬರೆಯಿರಿ, ಒಳಗೆ ಅಂಟಿಸಿ

ಎಲ್ಲ ಔಟ್‌ಪುಟ್ ಐಸೊಲೇಟೆಡ್ಡೋ, ಇನ್‌ಪುಟ್ ಮಾತ್ರವೋ, ಟರ್ಮಿನೇಶನ್ ಸ್ವಿಚ್ ಎಲ್ಲಿದೆ, ಯಾವ ಔಟ್‌ಪುಟ್ ಸಂಶಯಾಸ್ಪದ: ಇಷ್ಟನ್ನು ಮಾರ್ಕರ್ ಪೆನ್ನಿನಲ್ಲಿ ಮುಚ್ಚಳದ ಮೇಲೆ ಬರೆಯಿರಿ. ಬಾಡಿಗೆಗೆ ಹೋದ ಪೆಟ್ಟಿಗೆಯ ಜೊತೆ ನೀವು ಹೋಗುವುದಿಲ್ಲವಲ್ಲ. ಮುಚ್ಚಳದ ಒಳಬದಿಗೆ ಪ್ಲಾಸ್ಟಿಕ್ ಚೀಲವೊಂದರಲ್ಲಿ ನಾಲ್ಕು ಹೆಚ್ಚುವರಿ ಡ್ರೈವರ್ ಐಸಿ, ಒಂದು 6ಎನ್137, ಎರಡು ಫ್ಯೂಸ್, ಒಂದು 120 ಓಮ್ ರೆಸಿಸ್ಟರ್ ಅಂಟಿಸಿಡಿ. ಐಸಿಯ ಕಾಲುಗಳನ್ನು ಕಪ್ಪು ಫೋಮಿಗೆ ಚುಚ್ಚಿಟ್ಟರೆ ಸ್ಟ್ಯಾಟಿಕ್ಕಿನಿಂದ ಕೆಡುವುದಿಲ್ಲ.